ಮೂಗಿಗೆ ಮದ್ದು, ಹುಳಿಗೆ ಇಂಗು

ಅಮೆರಿಕದ ಕೆಂಡಲ್ ಪಾರ್ಕಿನ ಕೇಶವಮೂರ್ತಿಗಳು ಈ ಸಲದ ಸತ್ಯನಾರಾಯಣ ಪೂಜೆಗೂ ಹುಳಿ ತಮ್ಮದೇ ಎಂದು ಘೋಷಿಸಿಬಿಟ್ಟರು. ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವಂತಿಲ್ಲವಷ್ಟೆ? ಉಪ್ಪು, ಹುಳಿ, ಖಾರವನ್ನೆಲ್ಲ ಬರೀ ವಾಸನೆಯಲ್ಲೇ ಅಳೆಯುವ ಮೂಗು ರೂಟ್ ಒನ್ ಹೆದ್ದಾರಿಯ ಆಚೆ ಈಚೆ ಎಲ್ಲಿ ಹುಡುಕಿದರೂ ತಮ್ಮದೊಂದೇ ಎಂಬುದು ಅವರ ಹೆಮ್ಮೆ.

ಆ ಮೂಗು ಎರಡು ವರ್ಷದಿಂದ ರಜದ ಮೇಲಿತ್ತು. ಸೈನಸ್ಸಿನೊಳಗೆ ದುರ್ಮಾಂಸ ಬೆಳೆದು, ಅವರಿಗೆ ಮಲ್ಲಿಗೆಗೂ ಡೀಸೆಲ್ಲಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದರೆ ಸೌಟು ಕೈತಪ್ಪೀತೆಂಬ ಭಯ. ಹುಳಿಗೆ ಇಂಗು ಹಾಕಿ ಮೂಸುವರು. ಘಮ ಇಲ್ಲ. ಇನ್ನೊಂದು ಚಮಚ ಹಾಕುವರು.

"ಅಮೆರಿಕದ ಇಂಗಿಗೆ ಘಾಟೇ ಇಲ್ಲ ಕಣೆ" ಎಂದು ಹೆಂಡತಿ ಪ್ರಭಾ ಹತ್ತಿರ ದೂರಿ, ಮೈಸೂರಿನಿಂದ ಬರುವವರೆಲ್ಲರ ಸೂಟ್‌ಕೇಸಿನಲ್ಲೂ ಇಂಗು ತರಿಸಿದರು.

ಪ್ರಭಾಗೆ ಅನುಮಾನ ಇಂಗಿನ ಮೇಲಲ್ಲ, ಮೂಗಿನ ಮೇಲೆ. ಒಂದು ದಿನ ತಾವೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಗಂಡನನ್ನು ಕಿವಿ ಮೂಗು ಗಂಟಲಿನ ಡಾಕ್ಟರ್ ನಂದಿತಾ ಮುಂದೆ ಕೂರಿಸಿದರು. ನಂದಿತಾ ಕೇಶವಮೂರ್ತಿಗಳ ಸೈನಸ್ಸಿನೊಳಗೆ ಪುಟ್ಟದೊಂದು ಜಾಲರಿ ಇಟ್ಟರು.

"ಅಂಕಲ್, ಇದು ಅಲ್ಲೇ ಕೂತು ವಾರಗಟ್ಟಲೆ ಸ್ವಲ್ಪಸ್ವಲ್ಪ ಮದ್ದು ಬಿಡತ್ತೆ. ಮಾತ್ರೆ ಥರ ಮೈಯೆಲ್ಲ ಸುತ್ತಲ್ಲ, ಇಟ್ಟ ಜಾಗ ಬಿಟ್ಟು ಹೆಚ್ಚು ದೂರ ಹೋಗಲ್ಲ. ವಾಸನೆ ಬರೋಕೆ ಟೈಮ್ ಬೇಕು, ಪೇಶೆನ್ಸ್ ಇರಲಿ."

ಸ್ವತಃ ಎಂಜಿನಿಯರಾದ ಕೇಶವಮೂರ್ತಿಗಳು ಮನಸೋತರು. ಅಕ್ಕಿಕಾಳಿನಷ್ಟು ಜಾಗಕ್ಕೆ ಲೆಕ್ಕ ಹಾಕಿ ಮದ್ದು ಬಡಿಸುವ ಜಾಲರಿ! ಸಿಕ್ಕಿದವರಿಗೆಲ್ಲ ಅದನ್ನು ವರ್ಣಿಸಿದರು. ಗುಟ್ಟು ರಟ್ಟಾದದ್ದು ಕೂಡ ಅವರ ಗಮನಕ್ಕೆ ಬರಲಿಲ್ಲ.

ಜಾಲರಿ ಇಟ್ಟ ಮೂರನೆಯ ವಾರ ಪೂಜೆ. ಮನೆ ತುಂಬ ಜನ, ನಂದಿತಾ ಕೂಡ ಬಂದಿದ್ದರು. ಕೇಶವಮೂರ್ತಿಗಳು ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಾಗ ಪ್ರಭಾ ದೇವರ ಮುಂದೆ ಹುಳಿಯ ಪಾತ್ರೆಯ ಮುಚ್ಚಳ ತೆಗೆದರು. ಎರಡು ವರ್ಷದ ಮೇಲೆ, ಅದೇ ಗಳಿಗೆಯಲ್ಲಿ, ಮೂಗು ತೆರೆಯಿತು.

"ಗ್ಯಾಸ್ ಲೀಕ್! ಎಲ್ಲರೂ ಹೊರಗೆ ನಡೀರಿ. ಶಾಸ್ತ್ರಿಗಳೇ, ಮೊದಲು ಆ ದೀಪ ಆರಿಸಿ."

"ರೀ, ಅದು..." ಎಂದರು ಪ್ರಭಾ.

"ಮಾತಾಡ್ತಾ ನಿಲ್ಲಬೇಡ, ನಡಿ."

ಜರಿ ಸೀರೆ, ಪಂಚೆ, ಮಕ್ಕಳು ಮರಿ ಎಲ್ಲ ಚಳಿಯಲ್ಲಿ ಡ್ರೈವ್‌ವೇಗೆ ಬಂದು ನಡುಗುತ್ತ ನಿಂತವು. ಫೋನ್ ಮಾಡಿ ಕರೆಸಿದ ಗ್ಯಾಸ್ ಕಂಪನಿಯವನು ಮೀಟರ್ ಹಿಡಿದು ಒಲೆ, ಹೀಟರು, ನೆಲಮಾಳಿಗೆಯನ್ನೆಲ್ಲ ತಡಕಿ, ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದ.

"ನೋ ಲೀಕ್, ಸರ್. ಬಟ್ ಪ್ಲೀಸ್, ಕವರ್ ದಟ್ ಬಿಗ್ ಪಾಟ್."

ಎಲ್ಲರೂ ಪಕ್ಕದ ಮನೆಯ ಮೇಪಲ್ ಮರವನ್ನು ಬಲು ಆಸಕ್ತಿಯಿಂದ ನೋಡತೊಡಗಿದರು.

"ಎರಡು ವರ್ಷದಿಂದ್ಲೂ ಹೀಗೇನಾ?" ಕೇಶವಮೂರ್ತಿಗಳ ದನಿ ಇಳಿದಿತ್ತು.

"ಹೀಗೇ ರೀ. ಮೈಸೂರಿನ ಇಂಗು ಬಂದಮೇಲೆ ಸ್ವಲ್ಪ ಜಾಸ್ತಿ."

ಇಷ್ಟು ಜನ ಇಷ್ಟು ದಿನ ಇದನ್ನು ಉಂಡು, "ಹುಳಿ ಚೆನ್ನಾಗಿದೆ ಅಂಕಲ್" ಎಂದಿದ್ದರಲ್ಲ! ಕೇಶವಮೂರ್ತಿಗಳಿಗೆ ನಾಚಿಕೆಯೂ ಆಯಿತು, ಅವರ ಮೇಲೆ ಪ್ರೀತಿಯೂ ಉಕ್ಕಿತು. ಒಳಗೆ ಹೋಗಿ ಸೌಟನ್ನು ತಂದು ಹೆಂಡತಿಯ ಕೈಗಿಟ್ಟರು.

ಪ್ರಭಾ ಸೌಟು ಹಿಡಿದೇ ಡಾಕ್ಟರ ಕಡೆ ತಿರುಗಿದರು.

"ಅಲ್ಲ ನಂದಿತಾ, ಮದ್ದು ಇಟ್ಟ ಜಾಗ ಬಿಟ್ಟು ದೂರ ಹೋಗಲ್ಲ ಅಂದ್ಯಲ್ಲಮ್ಮ? ನೋಡು, ಇಟ್ಟಿದ್ದು ಇವರ ಮೂಗಿಗೆ, ವಾಸಿಯಾಗಿದ್ದು ಇಡೀ ಕೆಂಡಲ್ ಪಾರ್ಕಿನ ಹೊಟ್ಟೆ."