ಉಪವಾಸದ ಫ್ಲಾಸ್ಕು

ಎಲ್ಲ ರಗಳೆಗೂ ಕಾರಣ ಊಟದಕ್ಕನ ಮೃದು ಮನಸ್ಸು. ಪ್ರಯೋಗಾಲಯದ ಬ್ಯಾಕ್ಟೀರಿಯಾಗಳಿಗೆ ಆಹಾರ ತಯಾರಿಸುವುದು ಅವರ ಕೆಲಸ. ಹಸಿದ ಬ್ಯಾಕ್ಟೀರಿಯಾಗಳು ಹೇಗೆ ಬದುಕುತ್ತವೆಂದು ಪರೀಕ್ಷಿಸುವ ಉಪವಾಸದ ಮೇಷ್ಟ್ರು ಅವನ್ನು ವಾರಗಟ್ಟಲೆ ಬರೀ ಉಪ್ಪುನೀರಿನಲ್ಲಿಟ್ಟಿದ್ದ ಫ್ಲಾಸ್ಕಿಗೆ ಅಕ್ಕ ಬೆಳಿಗ್ಗೆ ಒಂದು ಪಿಪೆಟ್ಟು ಊಟ ಹಾಕಿಬಿಟ್ಟಿದ್ದರು.

“ಪಾಪ, ಎಷ್ಟು ದಿನಾಂತ ಹೊಟ್ಟೆ ಕಟ್ಕೊಂಡಿರ್ತವೆ? ನಂಗೆ ನೋಡೋಕಾಗ್ಲಿಲ್ಲ ಮೇಷ್ಟ್ರೇ.”

“ಅವು ಉಪವಾಸ ಇದ್ರೇನೇ ಅಕ್ಕಾ ನನ್ನ ಊಟ,” ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು.

ಅವತ್ತು ನಿರ್ದೇಶಕರು ಬರುವವರಿದ್ದರು. ಅವರು ಮೆಚ್ಚಿದರೆ, ಪೊರಕೆ ಬಕೆಟ್ಟುಗಳ ನಡುವೆ ಮೇಜು ಹಾಕಿಕೊಂಡಿದ್ದ ಮೇಷ್ಟ್ರಿಗೆ ಸ್ವಂತ ಕೋಣೆ ಸಿಗುತ್ತಿತ್ತು.

ಪುಣ್ಯಕ್ಕೆ ಇನ್ನೊಂದು ಉಪವಾಸದ ಫ್ಲಾಸ್ಕು ಕಿಟಕಿಯ ಹತ್ತಿರ ಇತ್ತು. ಓಡಿ ಹೋಗಿ ನೋಡಿದರೆ, ಸೂಕ್ಷ್ಮದರ್ಶಕ ನೋಡಿಕೊಳ್ಳುವ ಇಣುಕಣ್ಣ ಅದನ್ನು ತನ್ನ ಹೂಕುಂಡಕ್ಕೆ ಬಗ್ಗಿಸುತ್ತಿದ್ದ.

“ತಿಳಿಯಾಗಿತ್ತು, ನೀರು ಅಂದ್ಕೊಂಡೆ.”

ಮೇಷ್ಟ್ರು ಕಿತ್ತುಕೊಂಡಾಗ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅಷ್ಟರಲ್ಲಿ ನಿರ್ದೇಶಕರು ಬಾಗಿಲಲ್ಲಿದ್ದರು.

ಮೇಷ್ಟ್ರು ಒಂದು ಹನಿಗೆ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು.

“ಬದುಕಿದ್ರೆ ಹಸಿರು, ಸತ್ತಿದ್ರೆ ಕೆಂಪು ಸಾರ್.”

ಹನಿಯ ತುಂಬ ಹಸಿರು ಮಿನುಗುತ್ತಿತ್ತು.

“ವಾರಗಟ್ಟಲೆ ಏನೂ ತಿನ್ನದೆ ಹೇಗಯ್ಯಾ ಬದುಕಿವೆ?”

“ತಮ್ಮ ಮೈಯೊಳಗಿನ ಪ್ರೋಟೀನನ್ನೇ ಕತ್ತರಿಸ್ಕೊಂಡು ತಿಂತವೆ ಸಾರ್. ಸಿಕ್ಕಿದ್ದನ್ನೆಲ್ಲ ಅಲ್ಲ. ಸದ್ಯಕ್ಕೆ ಬೇಡದ್ದನ್ನ ಬಿಚ್ಚಿ, ಆ ಚೂರಿಂದ ಬೇಕಾದ್ದನ್ನ ಕಟ್ಕೊಳ್ತವೆ. ಈ ಕತ್ತರಿ ಕೆಲಸ ಬಾರದವು ಪಕ್ಕದ ಸೀಸೇಲಿವೆ, ಅದರ ಹನೀನೂ ನೋಡಿ, ಎಲ್ಲಾ ಕೆಂಪು.”

ಹೇಳುತ್ತಾ ಮೇಷ್ಟ್ರ ಎದೆ ಉಬ್ಬಿತು. ಮಿದುಳಿಲ್ಲ, ಹೊಟ್ಟೆಯಿಲ್ಲ, ಕಣ್ಣಿಗೂ ಕಾಣದ ಜೀವ. ಅದಕ್ಕಿರುವ ಜಾಣತನ ಎಂಥದ್ದು. ಹೆತ್ತ ತಾಯಿಗೂ ಮಕ್ಕಳ ಮೇಲೆ ಅಷ್ಟು ಹೆಮ್ಮೆ ಇರಲಾರದು.

ನಿರ್ದೇಶಕರು ಬಹಳ ಹೊತ್ತು ಇಣುಕಿ ನೋಡಿ ತಲೆ ಎತ್ತಿದರು.

“ಅದ್ಭುತ ಕಣಯ್ಯಾ. ನಮ್ಮ ಸಂಸ್ಥೆಗೂ ಈಗ ಬರಗಾಲ. ಎಲ್ಲಿಂದ ಕತ್ತರಿಸೋದು ಅಂತ ತಿಳೀದೆ ಒದ್ದಾಡ್ತಿದ್ದೆ, ದಾರಿ ತೋರಿಸಿದೆ.” ಅವರ ಕಣ್ಣು ಮೇಷ್ಟ್ರ ಮೇಜು, ಕಪಾಟುಗಳನ್ನೆಲ್ಲ ಸುತ್ತಿ ಮೇಷ್ಟ್ರ ಮೇಲೆಯೇ ಬಂದು ನಿಂತಿತು. “ಹಸಿದಾಗಲೇ ಇಷ್ಟು ಚೆನ್ನಾಗಿ ನಡೆಯೋ ಕೆಲಸಕ್ಕೆ ಕೋಣೆ ಯಾಕೆ, ಮೇಜು ಯಾಕೆ?”

ಸಂಜೆಯೊಳಗೆ ಮೇಜು ಇಣುಕಣ್ಣನ ಪಾಲಾಯಿತು, ಕಪಾಟು ಊಟದಕ್ಕನ ಕೋಣೆ ಸೇರಿತು. ಮೇಷ್ಟ್ರು ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

“ತುಂಬಾ ಬೇಜಾರಾಯ್ತಾ ಮೇಷ್ಟ್ರೇ?” ಎಂದು ಊಟದಕ್ಕ ಪಕ್ಕದಲ್ಲಿ ಕೂತರು.

“ಆಯ್ತು. ಆದ್ರೂ ಅಕ್ಕಾ,” ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡರು, “ಇಷ್ಟು ವರ್ಷದಲ್ಲಿ ನನ್ನ ಪಾಠ ಪೂರ್ತಿ ಅರ್ಥ ಆಗಿದ್ದು ಅವರೊಬ್ಬರಿಗೇ.”