ದಿಂಡಿಗಲ್ ಬೀಗ ಬಿದ್ದ ಸಾಮಿ ಪಟದ ಪೆಟ್ಟಿಗೆ

ದಿಂಡಿಗಲ್ಲಿನಿಂದ ತಮಿಳು ಸೀಮೆಯ ನಮ್ಮೂರು ಕೊಂಬೈನ ಟೆಂಟಿಗೆ ಸಿನಿಮಾ ಪೆಟ್ಟಿಗೆ ತರುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ, ನಗುವಂಥ ಸಂಗತಿಗಳನ್ನು ನಾನಾಗಿ ಹುಡುಕಿಕೊಂಡು ಹೋದದ್ದಿಲ್ಲ. ಅವೇ ನನ್ನ ಹಿಂದೆ ಬಸ್ಸು ಹತ್ತಿ ಬರುತ್ತಿದ್ದವು.

ಅರವತ್ತರ ದಶಕದ ಮಾತು ಇದು. ಕೆರೆಯ ಪಕ್ಕದ ನಮ್ಮ ಬೀಳು ಹೊಲದಲ್ಲಿ ಟೆಂಟು ಎದ್ದಿತ್ತು. ಟೆಂಟಿನ ಯಜಮಾನನನ್ನು ಊರೆಲ್ಲ ಮೊದಲಾಳಿ ಎಂದು ಕರೆಯುತ್ತಿತ್ತು. ನಾನು ಬೀಡಿ ಸೇದುವವನಲ್ಲ, ಸ್ನಾನ ಸಂಧ್ಯೆ ಬಿಟ್ಟವನಲ್ಲ, ಸಾಮಿ ಪಟ, ಅಂದರೆ ದೇವರ ಕಥೆಯ ಸಿನಿಮಾ, ಬಿಟ್ಟು ಬೇರೆ ಪಟದ ಮುಂದೆ ಕೂತವನೂ ಅಲ್ಲ. ಅದಕ್ಕೇ ಮೊದಲಾಳಿಗೆ ನನ್ನ ಮೇಲೆ ನಂಬಿಕೆ. ಸಿನಿಮಾ ನೋಡದವನೇ ಸಿನಿಮಾ ತರಲು ಸರಿಯಾದವನು ಎಂದು ಆತ ತೀರ್ಮಾನ ಮಾಡಿದ್ದ.

೧. ಮೊದಲೇ ಮುಗಿದ ಮದುವೆ

ಪೆಟ್ಟಿಗೆಯೆಂದರೆ ತಗಡಿನ ದೊಡ್ಡ ಟ್ರಂಕು. ಒಳಗೆ ಒಬ್ಬಟ್ಟು ಜೋಡಿಸಿದ ಹಾಗೆ ಒಂದರ ಮೇಲೊಂದು ದುಂಡನೆಯ ಡಬ್ಬಿಗಳು. ಒಂದೊಂದು ಡಬ್ಬಿಯಲ್ಲೂ ಒಂದೊಂದು ರೀಲು. ಕಾಡು, ಕಡಲು, ಅರಮನೆ, ಯುದ್ಧ ಎಲ್ಲವನ್ನೂ ಸುರುಳಿ ಸುತ್ತಿ ಅಷ್ಟರಲ್ಲೇ ಅಡಗಿಸಿರುತ್ತಾರಲ್ಲ ಎಂದು ನನಗೆ ಬಹಳ ದಿನ ಬೆರಗು. ಅವನ್ನು ಎಷ್ಟು ಒತ್ತಿ ತುಂಬಿರುತ್ತಿದ್ದರೆಂದರೆ ನಡುವೆ ಬೆರಳು ತೂರದು. ಮೊದಲು ಅಂಚಿನ ಡಬ್ಬಿ, ಆಮೇಲೆ ಅದರ ಪಕ್ಕದ್ದು, ಹೀಗೆ ಕ್ರಮವಾಗಿ ಎತ್ತಿದರೆ ಮಾತ್ರ ಹೊರಗೆ ಬರುತ್ತಿದ್ದವು.

ಟೆಂಟಿನ ಆಪರೇಟರಿಗೆ ತಾಳ್ಮೆ ಕಡಿಮೆ. ಒಂದು ದಿನ ನಡುವಿನ ಡಬ್ಬಿಗೇ ಕೈ ಹಾಕಿದ. ಬರಲಿಲ್ಲ. ಎಳೆದ. ಬರಲಿಲ್ಲ. ಕೊನೆಗೆ ಅಕ್ಕಿ ಮೂಟೆ ಸುರಿಯುವ ಹಾಗೆ ಪೆಟ್ಟಿಗೆಯನ್ನೇ ಬೋರಲು ಹಾಕಿದ. ಹೊಲ ಇಳಿಜಾರು. ಡಬ್ಬಿಗಳೆಲ್ಲ ಉರುಳಿಕೊಂಡು ಕೆರೆಯ ಕಡೆ ಹೊರಟವು. ಅವುಗಳ ಹಿಂದೆ ಆಪರೇಟರು, ಅವನ ಹಿಂದೆ ಮೊದಲಾಳಿ, ಇಬ್ಬರ ಹಿಂದೆ ಊರ ನಾಯಿಗಳು.

ಡಬ್ಬಿಗಳೇನೋ ಸಿಕ್ಕವು. ಅವುಗಳ ಮೇಲಿನ ನಂಬರು ಎಂದೋ ಸವೆದುಹೋಗಿತ್ತು. ಕೈಗೆ ಬಂದದ್ದನ್ನು ಹಾಕಿ ಅಂದಿನ ಆಟ ಓಡಿಸಿದರು. ಪರದೆ ಬೆಳಗುತ್ತಲೂ ಮದುವೆ. ಆಮೇಲೆ ಹುಡುಗಿ ನೋಡುವ ಶಾಸ್ತ್ರ. ಅದೆಲ್ಲ ಆದ ಮೇಲೆ ಮದುಮಗ ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದ. ಜನ ಎದ್ದು ಗಲಾಟೆ ಮಾಡುತ್ತಾರೆಂದು ಮೊದಲಾಳಿ ಬಾಗಿಲ ಬಳಿ ಬೆವರುತ್ತಾ ನಿಂತಿದ್ದ. ಆಟ ಬಿಟ್ಟಾಗ ಊರಿನ ಹಿರಿಯರೊಬ್ಬರು ಹೆಗಲ ವಸ್ತ್ರ ಕೊಡವಿಕೊಂಡು ಅವನ ಹತ್ತಿರ ಬಂದರು.

"ಇದು ಪಟ ಅಂದ್ರೆ. ಮದುವೆ ಆಗ್ತದೋ ಇಲ್ಲವೋ ಅಂತ ಕೊನೇವರೆಗೂ ಪ್ರಾಣ ತೆಗೀತಾರೆ ಬೇರೆಯೋರು. ಇವರು ಮೊದಲೇ ಮುಗಿಸಿಬಿಟ್ರು. ನೆಮ್ಮದಿಯಾಗಿ ನೋಡಿದ್ವಿ."

೨. ಬಸ್ಸಿನಲ್ಲಿ ಉಪದೇಶ

ಇದಾದ ಸ್ವಲ್ಪ ದಿನಕ್ಕೆ ಬಾಡಿಗೆಗೆ ಪಟ ಕೊಡುವ ದಿಂಡಿಗಲ್ಲಿನ ಪೆಟ್ಟಿಗೆ ಆಫೀಸಿನವರು ಹುಷಾರಾದರು. ಯಾವುದೋ ಊರಿನವರು ಒಂದೇ ಪೆಟ್ಟಿಗೆಯನ್ನು ದಾರಿಯಲ್ಲಿ ಇನ್ನೊಂದು ಟೆಂಟಿನಲ್ಲೂ ಓಡಿಸಿ ತಂದಿದ್ದರಂತೆ. ಅಂದಿನಿಂದ ಪೆಟ್ಟಿಗೆಗೊಂದು ಬೀಗ ಬಂತು. ಬೀಗಕ್ಕೇ ಹೆಸರಾದ ಊರು ಅದು. ಸಾದಾ ಬೀಗ ಹಾಕಿಯಾರೇ? ಮಾವಿನಕಾಯಿಯ ಆಕಾರದ್ದು, ತೂಕಕ್ಕೆ ತೆಂಗಿನಕಾಯಿ. ಪಕ್ಕದಲ್ಲಿ ಕಿವಿಯ ಹಾಗೆ ಸಣ್ಣ ಹಿತ್ತಾಳೆ ಮೊಳೆ. ಕೀಲಿ ಕೈಯಲ್ಲಿದ್ದರೆ ಸಾಲದು, ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಮಾಡಬೇಕು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ ಬರಬೇಕು.

ಆಫೀಸಿನ ಗುಮಾಸ್ತರು ತಮಿಳಿನಲ್ಲಿ ಹೇಳಿಕೊಟ್ಟರು. ನಾನು ಅದನ್ನು ನಮ್ಮ ಮನೆಮಾತಾದ ಕನ್ನಡಕ್ಕೆ ತಿರುಗಿಸಿಕೊಂಡೆ. ಬಾಯಿಗೆ ಬಂದದ್ದು ಮರೆಯಬಾರದೆಂದು, ಸ್ತೋತ್ರ ಕಲಿತ ಹಾಗೆ ಕಣ್ಣು ಮುಚ್ಚಿ ರಾಗವಾಗಿ ಹೇಳಿಕೊಳ್ಳುತ್ತಾ ಬಸ್ಸಿನಲ್ಲಿ ಕೂತೆ.

"ಕಿವಿಯ ಒತ್ತು, ಕೀಲಿ ಅರೆ ನೂಕು, ಎಡಕೆ ಹೊರಳಿಸು, ಪೂರಾ ನೂಕು, ಬಲಕೆ ಹೊರಳಿಸು, ಕೈಯ ಬಿಡು."

ವತ್ತಲಕುಂಡಿನಲ್ಲಿ ವೀಳ್ಯದೆಲೆ ವ್ಯಾಪಾರಿಯೊಬ್ಬ ಬುಟ್ಟಿ ಸಮೇತ ಹತ್ತಿ ನನ್ನ ಪಕ್ಕ ಕೂತ. ಅಪ್ಪಟ ತಮಿಳಿನವನು, ನಮ್ಮ ಮನೆಮಾತು ಅವನ ಕಿವಿಗೆ ಬಿದ್ದದ್ದೇ ಇಲ್ಲ. ನನ್ನ ಹಣೆಯ ಮೇಲೆ ನಾಮ, ಕಣ್ಣು ಮುಚ್ಚಿದೆ, ತುಟಿ ಆಡುತ್ತಿದೆ. ಅವನು ಮೊದಲು ಬುಟ್ಟಿಯನ್ನು ನನ್ನ ಕಾಲಿನಿಂದ ದೂರ ಸರಿಸಿದ. ಆಮೇಲೆ ಚಪ್ಪಲಿ ಬಿಟ್ಟ. ಪೆರಿಯಕುಳಂ ಬರುವ ಹೊತ್ತಿಗೆ ಕೈ ಮುಗಿದುಕೊಂಡು ನನ್ನ ಜೊತೆಗೇ ಸಣ್ಣಗೆ ಹೇಳತೊಡಗಿದ್ದ.

ನನಗೆ ಸಂಕಟವಾಯಿತು. ದೇವರ ವಿಷಯದಲ್ಲಿ ಒಬ್ಬನಿಗೆ ತಪ್ಪು ತಿಳಿವಳಿಕೆ ಕೊಡಬಾರದು. ಅಯ್ಯಾ, ಇದು ಮಂತ್ರವಲ್ಲ, ಬೀಗ ತೆರೆಯುವುದಕ್ಕೆ ಹೇಳುವುದು ಎಂದು ಅವನ ಭಾಷೆಯಲ್ಲೇ ಬಿಡಿಸಿ ಹೇಳಿದೆ.

ಅವನ ಕಣ್ಣು ತುಂಬಿ ಬಂತು. "ತಿಳೀತು ಸಾಮಿ. ಮನಸ್ಸಿಗೆ ಬಿದ್ದ ಬೀಗ ತಾನೆ?" ಎಂದ.

ತೇನಿಯಲ್ಲಿ ಇಳಿಯುವಾಗ ಒಂದು ಕವಳೆ ಎಲೆ ನನ್ನ ಮಡಿಲಿಗಿಟ್ಟು, ಬೇಡವೆಂದರೂ ಕೇಳದೆ, ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಹೋದ. ಕಂಡಕ್ಟರು ಅಲ್ಲಿಂದ ಮುಂದೆ ನನ್ನನ್ನು ಬಗ್ಗಿ ಮಾತಾಡಿಸಿದ.

೩. ಪೆಟ್ಟಿಗೆಗೆ ಬಾಯಿ ಒಂದೇ

ಆ ವರ್ಷ ಸಾಮಿ ಪಟ ಬರುತ್ತದೆಂದು ಮೊದಲಾಳಿ ಊರಿಗೆಲ್ಲ ಮಾತು ಕೊಟ್ಟಿದ್ದ. ನಮ್ಮ ಮನೆಯಲ್ಲಿ ಅವ್ವನ ಅಕ್ಕ ಇದ್ದರು, ನಮಗೆಲ್ಲ ದೊಡ್ಡವ್ವ. ಪರದೆಯ ಮೇಲೆ ಸಾಮಿಯ ಮುಖ ನೋಡಿಯೇ ಅನ್ನ ಮುಟ್ಟುವುದೆಂದು ಹಿಂದಿನ ದಿನದಿಂದಲೇ ಉಪವಾಸ ಹಿಡಿದಿದ್ದರು. ವಯಸ್ಸಾದ ಜೀವ. ಈ ಪೆಟ್ಟಿಗೆಯನ್ನು ಕ್ಷೇಮವಾಗಿ ತಂದು ತೆರೆದರೆ ಸಾಕಪ್ಪಾ ಎಂದು ನಾನು ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಿಕೊಂಡು ಬಂದೆ.

ಮಧ್ಯಾಹ್ನದ ಬಸ್ಸು ನಿಂತಿತು. ನೋಡುತ್ತೇನೆ, ಊರೇ ನೆರೆದಿದೆ! ಬೀದಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಾರೆ, ಮೇಳದವರು ನಾಗಸ್ವರ ಹಿಡಿದು ಬಂದಿದ್ದಾರೆ. ಬಸ್ಸಿನ ಮೇಲಿನಿಂದ ಪೆಟ್ಟಿಗೆ ಇಳಿಯುತ್ತಲೂ ಕರ್ಪೂರ ಬೆಳಗಿದರು. ನಾಲ್ಕು ಜನ ಹೆಗಲು ಕೊಟ್ಟು ಟೆಂಟಿನವರೆಗೆ ಮೆರವಣಿಗೆಯಲ್ಲಿ ಹೊತ್ತರು. ಹೊತ್ತವರಲ್ಲಿ ನಾನೂ ಒಬ್ಬ, ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಟೆಂಟಿನಲ್ಲಿ ಪೆಟ್ಟಿಗೆಯನ್ನು ಮಣೆಯ ಮೇಲೆ ಕೂರಿಸಿ ಹೆಂಗಸರು ಪೂಜೆಗೆ ಸುತ್ತುವರಿದರು. ಮೊದಲಾಳಿ ಗಂಡಸರನ್ನೆಲ್ಲ ಹೊರಗೆ ಕಳುಹಿಸಿದ. ಒಳಗೆ ಮಂಗಳಾರತಿ ಹಾಡು ಕೇಳಿಸುತ್ತಿತ್ತು.

ಪೂಜೆ ಮುಗಿದು ಹೆಂಗಸರು ಪಕ್ಕಕ್ಕೆ ಸರಿದ ಮೇಲೆ ಆಪರೇಟರು ಅವಸರ ಮಾಡಿದ. ರೀಲುಗಳನ್ನು ಸುತ್ತಿ ಸಿದ್ಧ ಮಾಡಿಕೊಳ್ಳದಿದ್ದರೆ ಸಂಜೆ ಆಟವಿಲ್ಲ. ನಾನು ಕೈಕಾಲು ತೊಳೆದು ಬಂದು, ಬಾಯಲ್ಲಿ ಹೇಳಿಕೊಂಡು ಕಿವಿಯ ಮೊಳೆ ಒತ್ತಿದೆ. ಬೀಗದ ತುಂಬಾ ಗಂಧ, ಕುಂಕುಮ. ಕೀಲಿ ಅರೆ ನೂಕಬೇಕು. ಅದು ಮೂತಿಯಷ್ಟೂ ಒಳಗೆ ಹೋಗಲೊಲ್ಲದು!

ಮತ್ತೆ ಹೇಳಿದೆ, ಮತ್ತೆ ನೂಕಿದೆ. ಸುತ್ತ ನಿಂತವರು ಒಬ್ಬೊಬ್ಬರು ಒಂದೊಂದು ಹೇಳಿದರು. ಮೂಡಣಕ್ಕೆ ಮುಖ ಮಾಡಿ ಕೂತುಕೊ ಎಂದರು. ತಮಿಳಿನಲ್ಲೇ ಹೇಳಿ ನೋಡು, ಬೀಗ ದಿಂಡಿಗಲ್ಲಿನದು ತಾನೆ, ಅದಕ್ಕೆ ಕನ್ನಡ ಎಲ್ಲಿ ತಿಳೀತದೆ ಎಂದು ಒಬ್ಬ ಅಂದ. ಹಾಗೂ ಮಾಡಿದೆ. ಆಪರೇಟರು ಸುಮ್ಮನೆ ಹೋಗಿ ಹಾರೆ ತಂದ. ಹೆಂಗಸರು ಒಟ್ಟಿಗೆ ಎದ್ದು ನಿಂತರು.

"ಸಾಮಿ ಒಳಗೆ ಕೂತಿರುವಾಗ ಹಾರೆ ಎತ್ತುತ್ತೀಯೇನೋ?" ಎಂದರು ದೊಡ್ಡವ್ವ. ಅವನು ಹಾರೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಮೊದಲಾಳಿಗೂ ಹಾರೆ ಬೇಡ. ಬೀಗ ಮುರಿದ ಟೆಂಟಿಗೆ ಆಫೀಸಿನವರು ಇನ್ನು ಪೆಟ್ಟಿಗೆ ಕೊಡುವುದಿಲ್ಲ, ಅಲ್ಲಿಗೆ ಟೆಂಟು ಮುಚ್ಚಿದಂತೆ. ಹೊತ್ತು ಆಗಲೇ ಬೆಟ್ಟದ ಕಡೆ ಬಾಗಿತ್ತು. ದೊಡ್ಡವ್ವ ಕಂಬಕ್ಕೆ ಒರಗಿ ಕೂತಿದ್ದರು, ಮುಖ ಬಾಡಿತ್ತು. ಒಂದು ಲೋಟ ಹಾಲಾದರೂ ಕುಡಿಯಿರಿ ಎಂದರೆ ತಲೆ ಅಲ್ಲಾಡಿಸಿದರು.

ಉಳಿದದ್ದು ಅಂಚೆ ಆಫೀಸಿನ ಫೋನು ಒಂದೇ. ಅಂಚೆ ಮಾಸ್ತರರು ಬಾಗಿಲು ಹಾಕುವ ಹೊತ್ತು. ಕೈ ಮುಗಿದು ಒಪ್ಪಿಸಿದೆವು. ದಿಂಡಿಗಲ್ಲಿಗೆ ಟ್ರಂಕ್ ಕಾಲ್ ಹಾಕಿದರು, ಗುಮಾಸ್ತರು ಸಿಕ್ಕರು. ಆದರೆ ಫೋನು ಇಲ್ಲಿ, ಬೀಗ ಅಲ್ಲಿ, ನಡುವೆ ಇಡೀ ಅಂಗಡಿ ಬೀದಿ. ಪೆಟ್ಟಿಗೆಯನ್ನು ಹೊತ್ತು ತರೋಣವೆಂದರೆ ಪ್ರತಿಷ್ಠೆ ಮಾಡಿದ್ದನ್ನು ಕದಲಿಸಬಾರದೆಂದು ಹೆಂಗಸರು ಬಿಡಲಿಲ್ಲ. ಕೊನೆಗೆ ಮೊದಲಾಳಿಯೇ ದಾರಿ ಕಂಡುಹಿಡಿದ. ಅಂಚೆ ಆಫೀಸಿನಿಂದ ಟೆಂಟಿನವರೆಗೆ ಜನರನ್ನು ಸಾಲಾಗಿ ನಿಲ್ಲಿಸಿದ. ಗುಮಾಸ್ತರು ಹೇಳಿದ್ದನ್ನು ಮಾಸ್ತರರು ಕಿಟಕಿಯಲ್ಲಿ ಹೇಳುವುದು, ಅದು ಬಾಯಿಂದ ಬಾಯಿಗೆ ದಾಟಿ ನನ್ನ ಕಿವಿಗೆ ಬರುವುದು.

ಅಂಚೆ ಆಫೀಸಿನಿಂದ ಹೊರಡುವಾಗ ಅಪ್ಪಣೆ ಚಿಕ್ಕದಾಗಿಯೇ ಇರುತ್ತಿತ್ತು. ನಮ್ಮವರು ಬರೀ ಅಪ್ಪಣೆ ದಾಟಿಸುವ ಜನವೇ? ಕೀಲಿ ಅರೆ ನೂಕು ಎಂಬುದು ನನ್ನ ಹತ್ತಿರ ಬರುವಾಗ, ಅರೆ ನೂಕಬೇಕಂತೆ, ಮೆಲ್ಲಗೆ ನೂಕಬೇಕಂತೆ, ನಮ್ಮ ಮಾವನ ಮನೆ ಬೀಗ ಹೀಗೇ ಜೋರು ಮಾಡಿ ಕೆಟ್ಟಿತು, ಆ ಮಾವನಿಗೆ ಈಗ ಮಂಡಿ ನೋವು ಎಂಬಲ್ಲಿಗೆ ಬಂದು ನಿಂತಿತ್ತು. ಅಷ್ಟೂ ಕೇಳಿ ಮೆಲ್ಲಗೆ ನೂಕಿದೆ. ಹೋಗಲಿಲ್ಲ. ಹೋಗಲಿಲ್ಲವೆಂಬುದು ಸಾಲಿನಲ್ಲಿ ಹಿಂದಕ್ಕೆ ಹೋಯಿತು.

ಬೀಗದ ಬಾಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ದಿಂಡಿಗಲ್ಲಿನಿಂದ ಪ್ರಶ್ನೆ ಬಂತು. ಗಂಧ ಹಚ್ಚಿದ್ದೇವೆ ಎಂದು ಕಳಿಸಿದೆವು. ಗಂಧ ಮೇಲೆ ಇರುತ್ತದೆ, ಒಳಗೆ ಏನಿದೆ ಎಂದು ಮತ್ತೆ ಬಂತು. ಆಗ ದೊಡ್ಡವ್ವ ಕಂಬದ ಹತ್ತಿರದಿಂದಲೇ ಹೇಳಿದರು.

"ಬೇರೇನೂ ಇಲ್ಲಪ್ಪ. ಒಂಚೂರು ಸಕ್ಕರೆ ಪೊಂಗಲ್."

ನಾನು ಕೀಲಿ ಕೆಳಗಿಟ್ಟೆ. ಯಾಕೆ ದೊಡ್ಡವ್ವ ಎಂದು ಕೇಳಿದೆ.

"ಯಾಕೆ ಅಂದ್ರೆ? ಸಾಮಿ ಬೆಳಗಿನಿಂದ ಬಸ್ಸಲ್ಲಿ ಹಸಕೊಂಡು ಬಂದವ್ರೆ. ನೈವೇದ್ಯ ಎದುರಿಗಿಟ್ರೆ ಒಳಗಿರೋರಿಗೆ ಹೆಂಗೆ ಸಿಕ್ತದೆ? ಪೆಟ್ಟಿಗೆಗೆ ಬಾಯಿ ಅಂತ ಇದ್ದದ್ದು ಅದೊಂದೇ ತಾನೆ?"

ಪೊಂಗಲ್ ಎಂಬ ಮಾತು ಸಾಲಿನಲ್ಲಿ ಹೊರಟಿತು. ಟೀ ಅಂಗಡಿ ನಕ್ಕಿತು, ಜವಳಿ ಅಂಗಡಿ ನಕ್ಕಿತು, ನಗು ಬೀದಿಯುದ್ದಕ್ಕೂ ನಡೆದು ಅಂಚೆ ಆಫೀಸು ಮುಟ್ಟಿತು. ಮಾಸ್ತರರು ಮಾತ್ರ ನಗದೆ, ತಂತಿ ಓದುವ ದನಿಯಲ್ಲಿ ದಿಂಡಿಗಲ್ಲಿಗೆ ತಿಳಿಸಿದರಂತೆ. ಆಮೇಲೆ ಗುಮಾಸ್ತರು ನಿಧಾನವಾಗಿ ಒಂದೇ ಒಂದು ಪ್ರಶ್ನೆ ಕೇಳಿದರು: ಗೋಡಂಬಿ ಹಾಕಿದೆಯೇ?

ಪ್ರಶ್ನೆ ಟೆಂಟು ಮುಟ್ಟಿದಾಗ ದೊಡ್ಡವ್ವನಿಗೆ ನಿಜವಾಗಿಯೂ ಕೋಪ ಬಂತು. "ಸಾಮಿಗೆ ಗೋಡಂಬಿ ಇಲ್ಲದೆ ಮಾಡ್ತಾರಾ? ನಮ್ಮನ್ನ ಏನಂದ್ಕೊಂಡವ್ರೆ ಅವ್ರು?"

ಹಾಗಾದರೆ ಮೊದಲು ಗೋಡಂಬಿ ತೆಗೆಯಿರಿ ಎಂದು ಅಪ್ಪಣೆಯಾಯಿತು. ನನ್ನ ಹೆಂಡತಿ ತಲೆಯ ಪಿನ್ನು ಬಿಚ್ಚಿ ಕೊಟ್ಟಳು. ಗೋಡಂಬಿ ಬಂತು, ಅದರ ಹಿಂದೆ ದ್ರಾಕ್ಷಿಯೂ ಬಂತು. ಬಿಸಿನೀರು ತೊಟ್ಟು ತೊಟ್ಟಾಗಿ ಬಿಡಿ ಎಂದರು. ಟೀ ಅಂಗಡಿಯಿಂದ ಬಿಸಿನೀರು ಅದೇ ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ಬೆಲ್ಲ ಕರಗಿ ಸೋರಿತು. ಎಣ್ಣೆ ಬಿಡಿ ಎಂದರು, ಗಾಣದೆಣ್ಣೆ ಬಂತು. ಈಗ ಮೊದಲಿನಿಂದ ಹೇಳಿ ಎಂದರು. ಕಿವಿಯ ಒತ್ತಿದೆ. ಕೀಲಿ ಅರೆ ನೂಕಿದೆ, ಹೋಯಿತು! ಎಡಕ್ಕೆ ಹೊರಳಿಸಿದೆ. ಪೂರಾ ನೂಕಿದೆ. ಬಲಕ್ಕೆ ಹೊರಳಿಸಿ ಕೈ ಬಿಟ್ಟೆ. ಬೀಗದೊಳಗೆ ಸಣ್ಣ ಗಂಟೆಯೊಂದು ಟಿಣ್ ಎಂದಿತು. ಹೆಂಗಸರೆಲ್ಲ ಕೆನ್ನೆ ಬಡಿದುಕೊಂಡು ಕೈ ಮುಗಿದರು. ತೆರೀತು ಎಂಬ ಮಾತು ಓಡುವಾಗ ಮಾತ್ರ ಸಾಲಿನಲ್ಲಿ ಯಾರೂ ಅದಕ್ಕೆ ಒಂದು ಅಕ್ಷರವನ್ನೂ ಸೇರಿಸಲಿಲ್ಲ.

ಆಟ ಹೊತ್ತಿಗೇ ಸುರುವಾಯಿತು. ಪರದೆಯ ಮೇಲೆ ಸಾಮಿ ಬಂದು ನಿಂತು ನಸುನಕ್ಕರು. ದೊಡ್ಡವ್ವ ಕಣ್ಣಿಗೊತ್ತಿಕೊಂಡು, ಉಳಿದ ಪೊಂಗಲಿನ ಪಾತ್ರೆ ಮಡಿಲಿಗೆಳೆದುಕೊಂಡು ಮೊದಲ ತುತ್ತು ಬಾಯಿಗಿಟ್ಟರು. ಆಮೇಲೆ ನನ್ನ ತೋಳು ತಿವಿದು ಪರದೆ ತೋರಿಸಿದರು.

"ಮುಖ ನೋಡು. ಉಂಡೋರ ಮುಖ ಅದು."

೪. ಉದ್ದವಾದ ಮಂತ್ರ

ಪೆಟ್ಟಿಗೆ ಹಿಂದಿರುಗಿಸಲು ಹೋದಾಗ ಗುಮಾಸ್ತರು ಬೀಗವನ್ನು ಮೂಸಿ ನೋಡಿದರು. ಒಳಗಿನಿಂದ ಇರುವೆಗಳು ಸಾಲಾಗಿ ಹೊರಟು ಅವರ ಮೇಜಿನ ಮೇಲೆ ಊರು ನೋಡುತ್ತಿದ್ದವು. ಅವರು ಬಯ್ಯಲಿಲ್ಲ. ಹೊಸ ಪೆಟ್ಟಿಗೆ ಕೊಟ್ಟು, ತೆರೆಯುವ ಕ್ರಮವನ್ನು ನನ್ನಿಂದ ಒಪ್ಪಿಸಿಕೊಂಡು, ಎಲ್ಲಕ್ಕಿಂತ ಮುಂಚೆ ಇನ್ನೊಂದನ್ನು ಸೇರಿಸಿಕೊಳ್ಳಿ ಎಂದರು: ಮೊದಲು ನಿಮ್ಮ ದೊಡ್ಡವ್ವನಿಗೆ ಊಟ ಹಾಕಿ.

ಹಿರಿಯರು ಹೇಳಿದ ಮೇಲೆ ಬಿಡಬಾರದು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಅದನ್ನೂ ಕನ್ನಡಕ್ಕೆ ತಿರುಗಿಸಿ ಸೇರಿಸಿಯೇ ಹೇಳಿಕೊಳ್ಳುತ್ತಿದ್ದೆ. ವತ್ತಲಕುಂಡಿನಲ್ಲಿ ಬಸ್ಸು ನಿಂತು ಹೊರಟದ್ದು ತಿಳಿಯಿತು, ಹಸಿ ವೀಳ್ಯದೆಲೆಯ ವಾಸನೆ ಬಂತು. ಕಣ್ಣು ಬಿಟ್ಟರೆ ಅದೇ ವ್ಯಾಪಾರಿ, ಚಪ್ಪಲಿ ಬಿಟ್ಟು ಕೈ ಮುಗಿದು ಕೂತಿದ್ದಾನೆ. ನೀವು ಕೊಟ್ಟದ್ದನ್ನು ದಿನಾ ಬೆಳಿಗ್ಗೆ ತಪ್ಪದೆ ಹೇಳುತ್ತಿದ್ದೇನೆ, ಮನೆಯಲ್ಲಿ ಶಾಂತಿ ನೆಲೆಸಿದೆ ಎಂದ. ಆದರೆ ಇವತ್ತು ಸುರುವಿನಲ್ಲಿ ಹೊಸದೊಂದು ಸಾಲು ಕೇಳಿಸಿತಲ್ಲ, ತನಗೆ ಅಂದು ಪೂರ್ತಿ ಉಪದೇಶ ಆಗಿರಲಿಲ್ಲವೇ ಎಂದು ಬಹಳ ನೊಂದು ಕೇಳಿದ.

ನಾನು ಬಾಯಿ ತೆರೆಯುವ ಮುಂಚೆಯೇ ಅವನು ಕಣ್ಣು ಮುಚ್ಚಿ, ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ, ನನಗಿಂತ ಇಂಪಾಗಿ ಎತ್ತಿಕೊಂಡ:

"ಮೊದಲು ದೊಡ್ಡವ್ವನಿಗೆ ಉಣ್ಣಲಿಕ್ಕು."