ಹೊಗೆಯಿಲ್ಲದ ಊರಿನಲ್ಲಿ ಒಂದು ಭಟ್ಟಿ

ಮುಂದಿನ ವಾರಕ್ಕೆಂದು ಗೊತ್ತಾಗಿದ್ದ ಹೆಣ್ಣು ಕೇಳುವ ಶಾಸ್ತ್ರ ನಾಳೆಗೇ ಬಂದು ಕೂತಿತು. ಮಧ್ಯಸ್ಥಗಾರ ಬೆಳಗಿನ ಚಹಾದ ಹೊತ್ತಿಗೇ ಗುಡ್ಡ ಇಳಿದು ಬಂದು, ಮುಂದಿನ ವಾರ ಒಳ್ಳೆಯ ದಿನವೇ ಇಲ್ಲವಂತೆ, ನಾಳೆ ತಪ್ಪಿದರೆ ಚೈತ್ರ ಕಳೆಯಬೇಕಂತೆ ಎಂದು ತಿಳಿಸಿ, ಇನ್ನೊಂದು ಲೋಟ ಚಹಾ ಕುಡಿದು ಹೋದ.

ಹೆಣ್ಣು ಕೇಳಲು ಹೋಗುವ ಮಗರ್ ಜನಾಂಗದ ಮನೆಯವರ ಕೈಯಲ್ಲಿ ರಕ್ಸಿ, ಎಂದರೆ ಭಟ್ಟಿ ಸಾರಾಯಿ, ಇರಬೇಕು. ಅದೂ ಹುಡುಗನ ತಾಯಿ ಕೈಯಾರೆ ಇಳಿಸಿದ ರಾಗಿಯ ರಕ್ಸಿ. ಅಂಗಡಿಯ ಬಾಟಲಿ ಒಯ್ದರೆ, ನಿಮ್ಮ ಮನೆಯಲ್ಲಿ ಹೆಂಗಸರಿಲ್ಲವೇ ಎಂದು ಕೇಳಿ ಬಂದ ದಾರಿ ತೋರಿಸುತ್ತಾರೆ. ಖಿಮಸರಾಳ ಮಗ ಬಲಮಾನ್ ಮೂರು ವರ್ಷದಲ್ಲಿ ಎಂಟು ಹುಡುಗಿಯರನ್ನು ಬೇಡವೆಂದು, ಕಡೆಗೆ ಗುಡ್ಡದಾಚೆಯ ಈ ಒಬ್ಬಳಿಗೆ ತಲೆಯಾಡಿಸಿದ್ದ. ಅವನ ಮನಸ್ಸು ತಿರುಗುವುದರೊಳಗೆ ಕೆಲಸ ಮುಗಿಯಬೇಕಿತ್ತು.

ಹುದುಗು ಬಂದ ರಾಗಿ, ಒಂದೇ ಭಟ್ಟಿಗಾಗುವಷ್ಟು, ಮಡಕೆಯಲ್ಲಿ ಸಿದ್ಧವಾಗಿತ್ತು. ಇಲ್ಲದಿದ್ದುದು ಹಳೆಯ ದೊಡ್ಡ ಒಲೆ.

ಅದನ್ನು ಇಲ್ಲವಾಗಿಸಿದವಳೂ ಖಿಮಸರಾಳೇ. ತಾಯಂದಿರ ಸಂಘದ ಅಧ್ಯಕ್ಷೆಯಾಗಿ ಊರಿನ ನಲವತ್ತೊಂದು ಹಳೆಯ ಒಲೆಗಳನ್ನು ಮುಂದೆ ನಿಂತು ಒಡೆಸಿ, ಚಿಮಣಿಯಿರುವ ಹೊಸ ಮಣ್ಣಿನ ಒಲೆ ಹಾಕಿಸಿದ್ದಳು. ಹೊಗೆ ಹೋದದ್ದಕ್ಕೆ ಅವಳಿಗೆ ನಿಜವಾಗಿಯೂ ಸಂತೋಷವಿತ್ತು. ಇಪ್ಪತ್ತು ವರ್ಷದ ಕೆಮ್ಮು ನಿಂತಿತ್ತು. ಅನಾನುಕೂಲವೆಂದರೆ ಒಂದೇ. ಮದುವೆಯಾಗಿ ಬಂದಂದಿನಿಂದ ಅಳು ಬಂದಾಗಲೆಲ್ಲ ಒಲೆಯ ಮುಂದೆ ಕೂತು ಊದುತ್ತಿದ್ದಳು. ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ಅಳಬೇಕಾದರೆ ಕಾರಣ ಹೇಳಬೇಕಾಗಿತ್ತು.

ಆ ದಿನವೇ ಊರನ್ನು ಹೊಗೆಮುಕ್ತವೆಂದು ಘೋಷಿಸಿ ಫಲಕ ಕೊಡುವ ಸಮಾರಂಭ. ಚಿಮಣಿಯ ಹೊಗೆಗೆ ಅಡ್ಡಿಯಿರಲಿಲ್ಲ. ಆದರೂ ಫೋಟೋ ಚೆನ್ನಾಗಿ ಬರಲೆಂದು, ಬೆಳಗಿನ ಚಹಾ ಆದಮೇಲೆ ಊರೆಲ್ಲ ಒಲೆ ಆರಿಸಿ ಅವಲಕ್ಕಿ ತಿಂದಿತ್ತು. ಹಳೆಯ ಒಲೆ ಒಂದು ಸಿಕ್ಕಿದರೂ ಫಲಕ ವಾಪಸು ಹೋಗುತ್ತದೆ ಎಂದು ಸಭೆಯಲ್ಲಿ ಮೂರು ಸಲ ಎಚ್ಚರಿಸಿದವಳು ಅಧ್ಯಕ್ಷೆಯೇ.

ನಾಳೆ ನಸುಕಿಗೇ ಹೊರಡಬೇಕಾದ್ದರಿಂದ ಸಮಾರಂಭ ಮುಗಿಯುವವರೆಗೆ ಕಾಯುವಂತಿರಲಿಲ್ಲ. ಸ್ವಾಗತ ಭಾಷಣವನ್ನು ಎರಡೇ ವಾಕ್ಯದಲ್ಲಿ ಮುಗಿಸಿ ಖಿಮಸರಾ ಮನೆಗೆ ಓಡಿದಳು. ಭಟ್ಟಿಯ ತಾಮ್ರದ ಹಂಡೆಯನ್ನು ಹೊಸ ಒಲೆಯ ಮೇಲೆ ಇಟ್ಟು ನೋಡಿದಳು. ಮಗುವಿನ ಮಣೆಯ ಮೇಲೆ ಕೂತ ಹಿರಿಯ ಮಾವನಂತೆ ಅದು ಒಂದು ಕ್ಷಣ ಗಂಭೀರವಾಗಿ ಕೂತು ಪಕ್ಕಕ್ಕೆ ವಾಲಿತು.

ಸಂಘಕ್ಕೆ ಮಾದರಿಯೆಂದು ಕೊಟ್ಟಿದ್ದ ಕರೆಂಟಿನ ಒಲೆಯಿತ್ತು. ಸ್ವಿಚ್ಚು ಹಾಕಿದಳು. ಹಳ್ಳದ ನೀರಿನಿಂದ ಹುಟ್ಟುವ ಆ ಊರಿನ ಕರೆಂಟು ಮನೆಗೆ ಮೂರು ಬಲ್ಬು ಉರಿಸುವಷ್ಟರದು. ಮೈದಾನದಲ್ಲಿ "ಪೂಜ್ಯ ತಾಯಂದಿರೇ" ಎನ್ನುತ್ತಿದ್ದ, ಫಲಕ ಕೊಡಲು ಬಂದ ಸರ್ಕಾರಿ ಅಧಿಕಾರಿ ಹಾಕಿಮರ ಮೈಕು ಸತ್ತಿತು. ಅವಳು ಆರಿಸಿದಳು, ಮೈಕು ಬದುಕಿತು. ಮತ್ತೆ ಹಾಕಿದಳು. ಹಾಕಿಮರು ಪೂಜ್ಯ ತಾಯಂದಿರನ್ನು ಮೂರು ಸಲ ಕರೆದು, ಮುಂದೆ ಹೇಳಲಾಗದೆ ನೀರು ಕುಡಿದರು. ಕರೆಂಟು ನೋಡಿಕೊಳ್ಳುವವನು ಮನೆಮನೆ ತಪಾಸಣೆಗೆ ಹೊರಟಿದ್ದಾನೆಂದು ಕಿವಿಗೆ ಬಿದ್ದದ್ದೇ, ಖಿಮಸರಾ ಒಲೆಯನ್ನು ಹಾಸಿಗೆಯಲ್ಲಿ ಮಲಗಿಸಿ ರಜಾಯಿ ಹೊದಿಸಿದಳು.

ಆಮೇಲೆ ಹಂಡೆ ಹೊತ್ತು ಮಾಸ್ತರರ ಮನೆಗೆ ಹೋದಳು. ಅಲ್ಲಿ ಸಗಣಿ ಗ್ಯಾಸು. ಮಾಘದ ಚಳಿಗೆ ಅದರ ಉರಿ ಕಂಬಳಿಯೊಳಗಿಂದ ಮೂಗಿನ ತುದಿ ಮಾತ್ರ ಹೊರಹಾಕಿತು. ಅರ್ಧ ಗಂಟೆಯಾದರೂ ಹಂಡೆಯ ತಳ ಬೆಚ್ಚಗಾಗಲಿಲ್ಲ. ಉಳಿದದ್ದು ಶಾಲೆಯ ಬಿಸಿಲೊಲೆ. ಅದು ವೇದಿಕೆಯ ಮೇಲೆ ಹೂಮಾಲೆ ಹಾಕಿಸಿಕೊಂಡು ಹಾಕಿಮರ ಪಕ್ಕದಲ್ಲಿ ಕೂತಿತ್ತು.

ನೆರೆಮನೆಯ ಬಾಟುಲಿ ಅಜ್ಜಿ ಇದನ್ನೆಲ್ಲ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ಎಪ್ಪತ್ತು ದಾಟಿದವಳು, ಊರಿನಲ್ಲಿ ಕಡೆಯದಾಗಿ ಒಲೆ ಒಡೆಸಿಕೊಂಡವಳು.

"ಅಧ್ಯಕ್ಷೆ ಅಮ್ಮೋರು ಹಂಡೆಗೆ ಊರು ತೋರಿಸ್ತಾ ಇದೀರಾ?"

ಖಿಮಸರಾ ಎಲ್ಲವನ್ನೂ ಹೇಳಿಕೊಂಡಳು. ಅಜ್ಜಿ ನಿಧಾನವಾಗಿ ಕೇಳಿ, "ನನ್ನ ಒಲೆ ಒಡೀವಾಗ ಇಷ್ಟು ಮೆತ್ತಗೆ ಮಾತಾಡಿರಲಿಲ್ಲ ನೀನು" ಎಂದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ಎಮ್ಮೆ ಕೊಟ್ಟಿಗೆಯ ಹಿಂದೆ ಮೂರು ಕಲ್ಲು ಜೋಡಿಸಿ, ಒಣ ಸೌದೆಗೆ ಬೆಂಕಿ ಕೊಟ್ಟಳು.

ಭಾಷಣಗಳು ಉದ್ದವಿದ್ದವು. ಆವಿ ತಣಿದು ಇಳಿಯಲೆಂದು ಹಂಡೆಯ ಮೇಲೆ ಇಟ್ಟಿದ್ದ ತಣ್ಣೀರನ್ನು ಮೊದಲ ಸಲ ಬದಲಿಸಿದರು, ಎರಡನೇ ಸಲ ಬದಲಿಸಿದರು. ಒಳಗೆ ರಕ್ಸಿ ತೊಟ್ಟಿಕ್ಕುವ ಸದ್ದು ಕೇಳಿ ಖಿಮಸರಾಳ ಎದೆ ಹಗುರವಾಯಿತು. ಇಡೀ ಕಣಿವೆಯಲ್ಲಿ ಅದೊಂದೇ ಹೊಗೆ, ಧ್ವಜಸ್ತಂಭದಂತೆ ನೆಟ್ಟಗೆ ಮೇಲೇರಿ ನಿಂತಿದ್ದು ಮಾತ್ರ ಅವಳಿಗೆ ಕಾಣಲಿಲ್ಲ.

ಫಲಕ ಹಿಡಿದ ಹಾಕಿಮರಿಗೆ ಕಂಡಿತು. ಅವರೂ, ಅವರ ಹಿಂದೆ ಹೊಗೆಯಿಲ್ಲದಿರುವುದು ಹೇಗೆಂದು ಕಲಿಯಲು ಸುತ್ತಲ ಹಳ್ಳಿಗಳಿಂದ ಬಂದಿದ್ದ ಆರು ಮಂದಿ ಹಿರಿಯರೂ ಕೊಟ್ಟಿಗೆಯ ಹಿಂದೆ ಬಂದು ನಿಂತರು. ಖಿಮಸರಾ ಹಂಡೆಗೆ ಅಡ್ಡ ನಿಂತಳು.

"ಇದು ತೋರಿಸೋದಕ್ಕೆ ಇಟ್ಟಿದ್ದು ಸಾಹೇಬ್ರೆ," ಎಂದಳು ಬಾಟುಲಿ ಅಜ್ಜಿ, ಕಣ್ಣೂ ಮಿಟುಕಿಸದೆ. "ಮೊದಲು ನಾವು ಹೆಂಗೆ ಸಾಯ್ತಿದ್ವಿ ಅಂತ ನಿಮಗೂ ಗೊತ್ತಾಗ್ಬೇಕಲ್ಲ."

ಹಾಕಿಮರ ಮುಖ ಅರಳಿತು. ಇಂಥ ಪ್ರಾತ್ಯಕ್ಷಿಕೆಯನ್ನು ಯಾವ ಊರಿನಲ್ಲೂ ನೋಡಿರಲಿಲ್ಲವೆಂದು ಹೇಳಿ, ಅಧ್ಯಕ್ಷೆಯವರು ಸ್ವಲ್ಪ ಕೆಮ್ಮಬೇಕೆಂದು ಕೇಳಿಕೊಂಡರು. ಖಿಮಸರಾ ಕೆಮ್ಮಿದಳು. ಫೋಟೋದವನು ಇನ್ನೂ ಒಂದು ಸಲ ಎಂದ. ಅವಳು ಇನ್ನೂ ಒಂದು ಸಲ ಕೆಮ್ಮಿದಳು.

ಹಂಡೆಯ ಮುಂದೆ ನಿಂತ ಅತಿಥಿಯನ್ನು ಬರಿಬಾಯಿಯಲ್ಲಿ ಕಳಿಸುವ ಪದ್ಧತಿ ಆ ಊರಿನಲ್ಲಿಲ್ಲ. ಅಜ್ಜಿ ಬಟ್ಟಲು ತಂದಳು. ಐದು ಮಂದಿ ಹಿರಿಯರು ಒಂದೊಂದು ಬಟ್ಟಲಿಗೆ ಸಾಕೆಂದರು. ಕಂದು ಶಾಲು ಹೊದ್ದ ಆರನೆಯವನು ಮಾತ್ರ ಕಲ್ಲಿನ ಮೇಲೆ ಸರಿಯಾಗಿ ಕೂತು, ಇದು ಮೊದಲ ನೀರಿನದು, ಇದು ಎರಡನೆಯದು ಎಂದು ಪರೀಕ್ಷೆ ಮಾಡುತ್ತ ಹೋದ. ಸಾಕು ಎನ್ನುವುದು ಹೇಗೆಂದು ಖಿಮಸರಾಳಿಗೆ ತೋಚಲಿಲ್ಲ. ರಕ್ಸಿ ಇಳಿದಿದ್ದ ಪಾತ್ರೆಯ ತಳ ಕಂಡಿತು. ಅಷ್ಟರಲ್ಲಿ ಹಾಕಿಮರು, ಕೊನೆಯ ಫೋಟೋಗೆ ಅಧ್ಯಕ್ಷೆಯವರೇ ಈ ಒಲೆಯನ್ನು ಕೆಡವಲಿ ಎಂದರು. ಅವಳು ಹಂಡೆ ಇಳಿಸಿ, ಗಂಜಲ ಸುರಿದು ಬೆಂಕಿ ಆರಿಸಿ, ಮೂರು ಕಲ್ಲನ್ನೂ ಒದ್ದು ಉರುಳಿಸಿದಳು. ಚಪ್ಪಾಳೆ ಬಿತ್ತು. ಫಲಕ ಅವಳ ಕೈಗೆ ಬಂತು.

ಎಲ್ಲರೂ ಹೊರಟರು. ಕಂದು ಶಾಲಿನವನು ಹಿಂದೆ ಉಳಿದು ಮೀಸೆ ಒರೆಸಿಕೊಂಡ.

"ಬಲಮಾನ್‌ನ ತಾಯಿ ನೀವೇ ಅಂತ ಈಗ ಯಾರೋ ಹೇಳಿದ್ರು," ಎಂದ. "ನಾನು ಹುಡುಗಿ ತಂದೆ. ಮನೆ ಹೆಂಗಿದೆ ಅಂತ ಸುಮ್ನೆ ನೋಡ್ಕೊಂಡು ಹೋಗಾಣ ಅಂತ ಇವರ ಜೊತೆ ಬಂದೆ. ಮನೆ ನೋಡೋಕೆ ಪುರುಸೊತ್ತಾಗ್ಲಿಲ್ಲ. ಪರವಾಗಿಲ್ಲ, ನಂಗೆ ಒಪ್ಪಿಗೆ."

ಖಿಮಸರಾ ತಲೆಯ ಮೇಲೆ ಸೆರಗೆಳೆದುಕೊಂಡಳು.

"ಒಂದೇ ಮಾತು, ಬೀಗಿತ್ತಿ. ನಾಳೆ ತರೋದು ಇದೇ ಆಗಿರ್ಲಿ. ಇದರ ರುಚಿ ನಂಗೀಗ ಚೆನ್ನಾಗಿ ಗೊತ್ತು. ಬೇರೆ ತಂದ್ರೆ ಒಂದೇ ಗುಟುಕಿಗೆ ಹಿಡೀತೀನಿ."